ತಂಗಿಯ ಗಾಡಿಯಲ್ಲಿ ಹಾಲಿನ ಕ್ರೇಟು

ನನ್ನ ತಂಗಿಗೆ ಸರ್ಕಾರ ಕೊಟ್ಟ ಗಾಡಿಯನ್ನು ನಾನು ಇಟ್ಟುಕೊಂಡೆ. ಕದ್ದೆ ಎಂದು ಬರೆಯಲು ಕೈ ಹೋಗುತ್ತಿಲ್ಲ, ಬೇರೆ ಪದವೂ ಸಿಗುತ್ತಿಲ್ಲ. ಮನೆಯ ಗಾಡಿ, ಮನೆಯವನೇ ಓಡಿಸಿದ, ಅದರಲ್ಲೇನು ತಪ್ಪು ಎಂದು ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಮೂರು ವರ್ಷ ಹಾಗೇ ಹೇಳಿಕೊಂಡೆ. ಅವಳ ಎದುರು ಕೂತು ತಪ್ಪಾಯಿತು ಎನ್ನಬೇಕಿತ್ತು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ.

ಕಳೆದ ತಿಂಗಳು ಬ್ಯಾಟರಾಯನಪುರದಲ್ಲಿ ಸಲೀಮನ ಗ್ಯಾರೇಜಿಗೆ ಹೋಗಿದ್ದೆ. ಅವನು ಯಾರದೋ ಸ್ಕೂಟರಿನ ಸೀಟು ಎತ್ತಿದ. ಒಳಗೆ ಹಾಲಿನ ಪ್ಯಾಕೆಟ್ ಒಡೆದು ಎರಡು ದಿನ ಆಗಿತ್ತೋ ಏನೋ, ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಇಪ್ಪತ್ತು ವರ್ಷದಿಂದ ಮನೆಮನೆಗೆ ಹಾಲು ಹಾಕುವವನಿಗೆ ಹುಳಿ ಹಾಲು ಹೊಸದಲ್ಲ. ಆದರೆ ಪೆಟ್ರೋಲು, ಗ್ರೀಸು, ಹುಳಿ ಹಾಲು ಮೂರೂ ಬೆರೆತ ವಾಸನೆ ನನಗೆ ಒಂದೇ ವರ್ಷದ್ದು, 2016ರದ್ದು. ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತುಬಿಟ್ಟೆ. ಸಲೀಂ ನೀರು ಕೊಟ್ಟ. ಏನಾಯಿತು ಎಂದು ಕೇಳಲಿಲ್ಲ. ಅವನಿಗೆ ಗೊತ್ತು.

ನಾವು ಅಮೃತಹಳ್ಳಿಯವರು. ಅದು ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವರು. ತಂಗಿಯ ಹೆಸರು ಶಶಿಕಲಾ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಆಗಿ ಎರಡೂ ಕಾಲು ಸಣ್ಣಗಾದವು. ಬಲಗಾಲಿಗೆ ಕಬ್ಬಿಣದ ಪಟ್ಟಿಯ ಬೂಟು ಹಾಕಿ, ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ನಡೆಯುತ್ತಾಳೆ. ನಾನು ಐದು ವರ್ಷ ದೊಡ್ಡವನು. ಅವಳನ್ನು ಶಾಲೆಗೆ ಹೊತ್ತುಕೊಂಡು ಹೋಗುತ್ತಿದ್ದವನು ನಾನೇ. ಮೊದಲು ಬೆನ್ನ ಮೇಲೆ, ಆಮೇಲೆ ಸೈಕಲ್ಲಿನ ಕ್ಯಾರಿಯರ್ ಮೇಲೆ. ನಾನು ಏಳನೇ ಕ್ಲಾಸಿಗೆ ಬಿಟ್ಟೆ, ಅವಳು ಪಿಯುಸಿ ಮುಗಿಸಿದಳು. ತಂಗಿಯನ್ನು ಹೊರುವುದಕ್ಕಾಗಿ ಮುನಿರಾಜು ಶಾಲೆ ಬಿಟ್ಟ ಎಂದು ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು. ಅದು ಸುಳ್ಳು. ನನಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ಅದಕ್ಕೆ ಬಿಟ್ಟೆ. ಅಮ್ಮನ ಕಥೆ ಚೆನ್ನಾಗಿತ್ತು, ನಾನು ತಿದ್ದಲಿಲ್ಲ.

ಗಾಡಿಯ ಅರ್ಜಿಗೆ ಎರಡು ವರ್ಷ ಅಲೆದೆವು. ಅಂಗವಿಕಲರ ಅರ್ಜಿ ತೆಗೆದುಕೊಳ್ಳುವ ಕಚೇರಿ ಇದ್ದದ್ದು ಮೊದಲನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಕೆಳಗೆ ಮೆಟ್ಟಿಲ ಬುಡದಲ್ಲಿ ಊರುಗೋಲಿನವರು, ಗಾಲಿ ಕುರ್ಚಿಯವರು ಬಿಸಿಲಲ್ಲಿ ಕಾಯುತ್ತಿದ್ದರು. ಮೇಲಿನಿಂದ ಒಬ್ಬ ಗುಮಾಸ್ತ ಬಗ್ಗಿ ಹೆಸರು ಕೂಗುತ್ತಿದ್ದ. ಸಹಿಗೆ ಅರ್ಜಿದಾರರು ಖುದ್ದಾಗಿ ಮೇಲೆ ಬರಬೇಕಂತೆ, ಕಾಗದ ಕೆಳಗೆ ಕಳಿಸಲು ರೂಲ್ಸಿನಲ್ಲಿ ಇಲ್ಲವಂತೆ. ಮೂರು ಸಲ ಅವಳನ್ನು ಎತ್ತಿಕೊಂಡು ಹತ್ತಿದೆ. ಮೂರನೇ ಸಲ ಆ ಗುಮಾಸ್ತ, ನಿಜವಾಗಲೂ ನಡೆಯೋಕೆ ಆಗಲ್ವಾ ಎಂದು ಕೇಳಿದ. ಶಶಿ ನನ್ನ ತೋಳಿನಿಂದಲೇ ಹೇಳಿದಳು: "ಆಗುತ್ತೆ ಸಾರ್. ಇವನ ಮೇಲೆ ಕೂತು ಬರೋದು ನಂಗೊಂದು ಶೋಕಿ."

2016ರ ಯುಗಾದಿ ಕಳೆದ ಮೇಲೆ ಗಾಡಿ ಬಂತು. ಸ್ಕೂಟರಿನ ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು ಚಕ್ರ ಕೂರಿಸಿದ್ದರು. ಕಾಗದದಲ್ಲಿ ತ್ರಿಚಕ್ರ ವಾಹನ ಎಂದಿತ್ತು, ಎಣಿಸಿದರೆ ನಾಲ್ಕು. ಮುಂದೆ ಗಾಲಿ ಕುರ್ಚಿಯ ಚಿತ್ರದ ಹಳದಿ ಸ್ಟಿಕ್ಕರು. ಅಮ್ಮ ಅರಿಶಿನ ಕುಂಕುಮ ಹಚ್ಚಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಶಶಿ ಸೀಟಿನ ಹತ್ತಿರ ಬಂದು ಊರುಗೋಲು ಒರಗಿಸುವಷ್ಟರಲ್ಲಿ ಅಮ್ಮ ತಡೆದಳು. "ಮನೆ ಗಂಡ್ಸು ಮೊದ್ಲು ಓಡಿಸ್ಲಿ. ಅದೇ ಸಾಸ್ತ್ರ."

ನಾನು ಹತ್ತಿ ನಿಂಬೆಹಣ್ಣು ಒಡೆದು ಬೀದಿ ಸುತ್ತಿಕೊಂಡು ಬಂದೆ. ಎಲ್ಲರೂ ನೋಡಿದರು. ಶಶಿ ಬಾಗಿಲ ಕಂಬ ಹಿಡಿದು ನಿಂತಿದ್ದಳು. ಇದು ತಪ್ಪು ಎಂದು ಆವತ್ತೇ ನನಗೆ ಅನ್ನಿಸಬೇಕಿತ್ತು.

ಹತ್ತು ದಿನಕ್ಕೆ ಓಡಿಸಲು ಕಲಿತಳು. ಲೈಸೆನ್ಸು ಬಂದ ತಿಂಗಳೇ ಗಂಗಾನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಬಂದವರ ಹೆಸರು ಬರೆದುಕೊಂಡು, ಟೋಕನ್ ಕೂಗಿ, ಫೋನ್ ಎತ್ತುವ ಕೆಲಸ. ಕ್ಲಿನಿಕ್ಕಿನ ಡಾಕ್ಟರಮ್ಮ ಬಾಗಿಲಿನ ಎರಡು ಮೆಟ್ಟಿಲ ಮೇಲೆ ಚಪ್ಪಡಿ ಹಾಸಿ ಇಳಿಜಾರು ಮಾಡಿಸಿದ್ದರು. ಇಪ್ಪತ್ತೇಳು ವರ್ಷದ ಹುಡುಗಿ ಮೊದಲ ಸಲ ಒಬ್ಬಳೇ ಮನೆಯಿಂದ ಹೊರಟು, ಹೆಬ್ಬಾಳದ ಮೇಲ್ಸೇತುವೆ ದಾಟಿ, ಒಂಬತ್ತಕ್ಕೆ ತನ್ನ ಮೇಜಿನ ಹಿಂದೆ ಕೂರುತ್ತಿದ್ದಳು.

ಗಾಡಿ ಬಂದ ಮೂರು ತಿಂಗಳಲ್ಲಿ ಅವಳು ಬೇರೆಯವಳಾದಳು. ಅಮ್ಮನನ್ನು ಹಿಂದೆ ಕೂರಿಸಿಕೊಂಡು ದೇವಸ್ಥಾನಕ್ಕೆ ಹೋದಳು. ಮತ್ತಿಕೆರೆಯಲ್ಲಿ ಗೆಳತಿಯ ಮದುವೆ ಇತ್ತು. ನಾನು ಬಿಡುವು ಮಾಡಿಕೊಂಡು ಕರೆದುಕೊಂಡು ಹೋಗುತ್ತೇನೆ ಎಂದು ಕಾದಿದ್ದೆ. ಅವಳು ಹೋಗಿ ಊಟ ಮಾಡಿ ಬಂದೂ ಆಗಿತ್ತು. ಬಟ್ಟೆಯನ್ನು ಅಂಗಡಿಯಿಂದ ತಾನೇ ಆರಿಸಿ ತರುತ್ತಿದ್ದಳು. ಮೊದಲು ನಾನು ತಂದ ಬಣ್ಣವನ್ನೇ ಉಡುತ್ತಿದ್ದಳು. ನನಗೆ ಸಂತೋಷವಾಗಿತ್ತು ಎಂದು ಬರೆದರೆ ಓದುವವರಿಗೆ ಹಿತ. ನನಗೆ ಕಿರಿಕಿರಿ ಆಗುತ್ತಿತ್ತು. ನಿನ್ನಂಥ ಅಣ್ಣ ಇರಬೇಕು ಕಣಪ್ಪ ಎಂದು ಬೀದಿಯಲ್ಲಿ ಯಾರಾದರೂ ಹೇಳಿ ಎಷ್ಟೋ ದಿನ ಆಗಿತ್ತು.

ಆಷಾಢದಲ್ಲಿ ನನ್ನ ಮೊಪೆಡ್ಡಿನ ಎಂಜಿನ್ ಸೀಜ್ ಆಗಿ ನಿಂತುಹೋಯಿತು. ಸಹಕಾರನಗರದಲ್ಲಿ ನನ್ನ ಹಾಲಿನ ಲೈನು, ಬೆಳಿಗ್ಗೆ ಏಳೂವರೆ ಒಳಗೆ ಮುಗಿಯಬೇಕು. ಶಶಿಯ ಗಾಡಿ ಅಂಗಳದಲ್ಲಿ ನಿಂತಿತ್ತು. ಹಾಲು ಹಾಕುವವನ ಕಣ್ಣಿನಿಂದ ಅದನ್ನು ನೋಡಿ. ನಾಲ್ಕು ಚಕ್ರ, ವಾಲುವುದಿಲ್ಲ, ಸ್ಟ್ಯಾಂಡ್ ಹಾಕಬೇಕಾಗಿಲ್ಲ, ಎರಡು ಬದಿಯ ಚಕ್ರದ ಮೇಲೆ ಒಂದೊಂದು, ಕಾಲಿಡುವ ಜಾಗದಲ್ಲಿ ಒಂದು, ಹಿಂದೆ ಎರಡು, ಒಟ್ಟು ಐದು ಕ್ರೇಟು. ಅಂಥ ಗಾಡಿಯನ್ನು ಯಾರೋ ಹಾಲಿನವನಿಗೆಂದೇ ಮಾಡಿದ ಹಾಗಿತ್ತು. ಹಾಗೇ ಅನ್ನಿಸಿತು ನನಗೆ.

ಕೇಳಿದೆ. ಬೆಳಿಗ್ಗೆ ಮಾತ್ರ, ಒಂದು ವಾರ ಎಂದೆ. ಶಶಿ ಕೀ ತೆಗೆದುಕೊಟ್ಟಳು.

"ಎಂಟು ಗಂಟೆಗೆ ನನ್ ಗಾಡಿ ಇಲ್ಲಿರ್ಬೇಕು ಅಣ್ಣ. ತೊಳೆದಿರ್ಬೇಕು."

ಮೊದಲ ವಾರ ಎಂಟಕ್ಕೆ ತಂದೆ. ಎರಡನೇ ವಾರ ಎಂಟೂ ಕಾಲು. ಆಮೇಲೆ ಎಂಟೂ ಮುಕ್ಕಾಲು. ತೊಳೆಯುವುದಕ್ಕೆ ಹೊತ್ತೆಲ್ಲಿ. ಅವಳ ದುಪಟ್ಟಾ ಹುಳಿ ಹಾಲು ನಾರುತ್ತಿದೆ ಎಂದು ಕ್ಲಿನಿಕ್ಕಿನಲ್ಲಿ ಯಾರೋ ಅಂದರಂತೆ. ಮೊಪೆಡ್ ರಿಪೇರಿಯ ಮಾತು ನಾನು ಎತ್ತಲೇ ಇಲ್ಲ.

ಇನ್ನೊಂದು ಇದೆ. ಇದನ್ನು ಬರೆಯದೆ ಬಿಡಬಹುದಿತ್ತು. ಸಹಕಾರನಗರದ ಒಂದು ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರು ಗೇಟಿನ ಹತ್ತಿರ ನಿಂತು ಹಾಲು ತೆಗೆದುಕೊಳ್ಳುತ್ತಿದ್ದರು. ಸ್ಟಿಕ್ಕರು ನೋಡಿ, ಪಾಪ, ಕಾಲು ಸರಿಯಿಲ್ಲದಿದ್ದರೂ ಎಷ್ಟು ಸರಿಯಾದ ಹೊತ್ತಿಗೆ ಬರ್ತೀಯಪ್ಪ ಎಂದರು. ನಾನು ತಿದ್ದಲಿಲ್ಲ. ಮಾರನೇ ದಿನ ಗಾಡಿಯಿಂದ ಇಳಿದು ಅವರ ಗೇಟಿನ ಕಡೆ ಹೋಗುವಾಗ ನನ್ನ ಬಲಗಾಲು ತಾನಾಗಿ ಎಳೆಯಿತು. ನಾಲ್ಕು ಹೆಜ್ಜೆ. ಹೇಗೆ ಎಳೆಯಬೇಕೆಂದು ನನಗೆ ಯಾರೂ ಕಲಿಸಬೇಕಿರಲಿಲ್ಲ, ಇಪ್ಪತ್ತೈದು ವರ್ಷ ನೋಡಿದ್ದೆ. ಅವರು ಒಳಗಿನಿಂದ ಕಾಫಿ ತಂದುಕೊಟ್ಟರು. ಆಮೇಲೆ ದಿನಾ ಎಳೆದೆ, ದಿನಾ ಕಾಫಿ ಕುಡಿದೆ. ಆ ಲೋಟ ತೊಳೆದು ಗೇಟಿನ ಮೇಲೆ ಇಡುವಾಗಲೂ ನಾಚಿಕೆ ಆಗಲಿಲ್ಲ. ಅದೇ ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಶ್ರಾವಣದ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ನೀರು ತುಂಬಿದ ಗುಂಡಿಯೊಳಗೆ ಐದು ಕ್ರೇಟಿನ ಸಮೇತ ಇಳಿದೆ. ಎಡಗಡೆಯ ಚಕ್ರದ ವೆಲ್ಡಿಂಗು ಬಿಟ್ಟು ಚಕ್ರ ಒಳಕ್ಕೆ ಮಡಚಿಕೊಂಡಿತು. ತಳ್ಳಿಕೊಂಡು ಸಲೀಮನ ಹತ್ತಿರ ಹೋದೆ. ಎರಡು ದಿನ ಬಿಡು, ಗಟ್ಟಿ ಮಾಡಿಕೊಡುತ್ತೇನೆ, ಆದರೆ ಇನ್ನು ಕ್ರೇಟು ಹಾಕುವಂತಿಲ್ಲ ಎಂದ. ಎರಡು ದಿನ ಲೈನು ಯಾರು ಮಾಡುತ್ತಾರೆ? ಸದ್ಯಕ್ಕೆ ಎರಡೂ ಬದಿಯ ಚಕ್ರ ಬಿಚ್ಚಿಬಿಡು, ಬರೀ ಸ್ಕೂಟರಾಗಿ ಓಡಿಸಿಕೊಳ್ಳುತ್ತೇನೆ ಎಂದೆ.

ಸಲೀಂ ಸ್ಪ್ಯಾನರ್ ಕೆಳಗಿಟ್ಟ. "ಗುರು, ಇದು ಪಾರ್ಟ್ ಅಲ್ಲ. ಇದು ನಿನ್ ತಂಗಿ ಕಾಲು."

"ಎರಡು ದಿನ ಅಷ್ಟೇ ಕಣೋ. ಬಿಚ್ಚು."

ಬಿಚ್ಚಿದ. ಚಕ್ರಗಳನ್ನು ಅಟ್ಟದ ಮೇಲೆ ಹಾಕಿದ. ನಾನು ಮನೆಗೆ ಬಂದು ಶಶಿಗೆ, ಪಾರ್ಟ್ ಕೊಯಮತ್ತೂರಿನಿಂದ ಬರಬೇಕಂತೆ, ಗಾಡಿ ಗ್ಯಾರೇಜಿನಲ್ಲೇ ಇದೆ, ಹಾಲಿಗೆ ಸದ್ಯಕ್ಕೆ ಸಲೀಮನ ಗಾಡಿ ತೆಗೆದುಕೊಂಡಿದ್ದೇನೆ ಎಂದೆ. ಕೊಯಮತ್ತೂರು ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ. ದಿನಾ ಲೈನು ಮುಗಿಸಿ ಗಾಡಿಯನ್ನು ಸಹಕಾರನಗರದ ಹಾಲಿನ ಬೂತಿನ ಹಿಂದೆ ನಿಲ್ಲಿಸಿ ನಡೆದು ಮನೆಗೆ ಬರುತ್ತಿದ್ದೆ. ಚಕ್ರ ಬಿಚ್ಚಿದ ಮೇಲೆ ಗಾಡಿ ಹಗುರಾಗಿ ಸಂದಿಗೊಂದಿಯಲ್ಲೆಲ್ಲ ನುಗ್ಗುತ್ತಿತ್ತು. ಎರಡು ದಿನ ಐದು ವಾರವಾಯಿತು.

ಆ ಐದು ವಾರ ಶಶಿ ಬಸ್ಸಿನಲ್ಲಿ ಹೋದಳು. ಒಂಬತ್ತರ ಕೆಲಸಕ್ಕೆ ಏಳೂವರೆಗೇ ಹೊರಡುತ್ತಿದ್ದಳು. ಬಸ್ಸು ಸ್ಟಾಪಿನಲ್ಲಿ ನಿಲ್ಲುವುದಿಲ್ಲ. ಇಪ್ಪತ್ತು ಮಾರು ಮುಂದೆ, ಇಲ್ಲವೇ ಹಿಂದೆ, ಅದೂ ರಸ್ತೆಯ ನಡುವೆ. ಮೊದಲ ಮೆಟ್ಟಿಲು ಅವಳ ಮೊಣಕಾಲಿನ ಎತ್ತರ. ಅವಳು ಮೊದಲು ಊರುಗೋಲು ಒಳಗೆ ಎಸೆದು, ಎರಡು ಕೈಯಲ್ಲಿ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳಬೇಕು, ಅಷ್ಟರಲ್ಲಿ ಕಂಡಕ್ಟರನ ಸೀಟಿ. ಫುಟ್‌ಪಾತಿನಲ್ಲಿ ಒಂದು ಕಲ್ಲು ಇದ್ದರೆ ಒಂದು ಇಲ್ಲ. ಬರುವಾಗ ರಸ್ತೆ ದಾಟಬೇಕು. ದಾಟಲು ಮೇಲೆ ಸ್ಕೈವಾಕ್ ಇದೆ, ಅದಕ್ಕೆ ಲಿಫ್ಟೂ ಇದೆ, ಲಿಫ್ಟಿಗೆ ಬೀಗವೂ ಇದೆ. ಬೀಗದ ಕೈ ಇರುವವನು ಊಟಕ್ಕೆ ಹೋಗಿರುತ್ತಾನೆ. ಸಂಜೆ ಆರಕ್ಕೂ ಊಟಕ್ಕೆ, ಏಳಕ್ಕೂ ಊಟಕ್ಕೆ. ಆಟೋದವರು ಊರುಗೋಲು ನೋಡಿ, ಹತ್ತಿ ಇಳಿಯುವುದು ಲೇಟಾಗುತ್ತದೆ ಎಂದು ಹೋಗಿಬಿಡುತ್ತಿದ್ದರು.

ಇದನ್ನೆಲ್ಲ ಅವಳು ಸಂಜೆ ನಗುತ್ತಾ ಹೇಳುತ್ತಿದ್ದಳು. ಅಂಗವಿಕಲರ ಸೀಟಿನಲ್ಲಿ ಕೂತವನೊಬ್ಬ ಕಿಟಕಿಯ ಹೊರಗೇ ನೋಡುತ್ತಿದ್ದನಂತೆ. ನಿಮಗೆ ಯಾವ ತೊಂದರೆ ಅಣ್ಣಾ, ಕುತ್ತಿಗೆ ಈ ಕಡೆ ತಿರುಗಲ್ವಾ ಎಂದು ಕೇಳಿದಳಂತೆ. ಬಸ್ಸೆಲ್ಲ ನಕ್ಕಿತಂತೆ, ಅವನು ಎದ್ದನಂತೆ. ಅಮ್ಮ ಕೇಳಿ ನಕ್ಕಳು. ನಾನೂ ನಕ್ಕೆ. ಊಟದ ತಟ್ಟೆಯ ಮುಂದೆ ಕೂತು ನಕ್ಕೆ.

ಆ ಬೆಳಿಗ್ಗೆ ಸಣ್ಣ ಮಳೆ. ಲೈನು ಮುಗಿದಿತ್ತು, ಮಳೆಯಲ್ಲಿ ನಡೆಯಲು ಬೇಜಾರಾಗಿ ಆವತ್ತು ಗಾಡಿಯಲ್ಲೇ ಸರ್ವೀಸ್ ರಸ್ತೆಯಲ್ಲಿ ಮನೆ ಕಡೆ ಬರುತ್ತಿದ್ದೆ. ಎಂಟು ಗಂಟೆ ಆಗಿತ್ತು. ಶಶಿ ಆಗಲೇ ಹೋಗಿರುತ್ತಾಳೆ ಎಂದುಕೊಂಡಿದ್ದೆ. ಬಸ್ಸು ಬಂದಿರಲಿಲ್ಲ. ಅವಳು ಸ್ಟಾಪಿನಲ್ಲೇ ಇದ್ದಳು. ನಾನು ಹತ್ತಿರ ಬರುವ ಹೊತ್ತಿಗೆ ಬಸ್ಸು ನನ್ನನ್ನು ದಾಟಿ ಸ್ಟಾಪನ್ನೂ ದಾಟಿ ಮುಂದೆ ನಿಂತಿತು. ಎಲ್ಲರೂ ಓಡಿದರು. ಅವಳೂ ತನ್ನ ಓಟ ಓಡಲು ತಿರುಗಿದಳು. ಆಗ ಹಳದಿ ಸ್ಟಿಕ್ಕರು ಕಂಡಿತು. ನನ್ನನ್ನು ನೋಡಿದಳು.

ಅವಳ ಮುಖ ಅರಳಿತು. ಅದನ್ನು ಹೇಗೆ ಬರೆಯಲಿ. ಗಾಡಿ ಸರಿಹೋಗಿದೆ, ಅಣ್ಣ ತನಗಾಗಿಯೇ ತರುತ್ತಿದ್ದಾನೆ ಎಂದುಕೊಂಡಳು. ಬಸ್ಸಿನ ಕಡೆ ಹೋಗುವುದನ್ನು ನಿಲ್ಲಿಸಿ ಊರುಗೋಲಿನ ಕೈಯನ್ನೇ ಮೇಲೆತ್ತಿದಳು.

ನಾನು ಮುಖ ತಿರುಗಿಸಿ ಆಕ್ಸಿಲರೇಟರ್ ತಿರುಚಿದೆ.

ಕನ್ನಡಿಯಲ್ಲಿ ನೋಡಿದೆ. ಅವಳು ಫುಟ್‌ಪಾತಿನ ಅಂಚಿನಲ್ಲಿ ಬಿದ್ದಿದ್ದಳು. ಬಸ್ಸು ಹೋಯಿತು. ಒಬ್ಬ ಹೆಂಗಸು ಅವಳ ಕಡೆ ಬಗ್ಗಿದ್ದು ಕಂಡಿತು, ಇನ್ನು ನಾನು ಹೋಗಬೇಕಾಗಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನಕ್ಕೆ ಬೆಂಕಿ ಬೀಳಲಿ.

ಬಲಗೈಯ ಮಣಿಕಟ್ಟು ಮುರಿದಿತ್ತು. ಊರುಗೋಲು ಹಿಡಿಯುವ ಕೈ ಅದು. ಫೋನ್ ಬಂದ ಮೇಲೆ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ, ನಾನೇ ಎತ್ತಿಕೊಂಡು ಬಂದೆ. ಬೀದಿಯವರು ನೋಡಿದರು. ನಿನ್ನಂಥ ಅಣ್ಣ ಇರಬೇಕು ಎಂದರು. ಅವಳು ನನ್ನ ತೋಳಿನಲ್ಲೇ ಇದ್ದಳು, ಕೇಳಿಸಿಕೊಂಡಳು. ಅಮ್ಮನಿಗೆ, ಮಳೆ ಅಲ್ವಾ, ಜಾರಿದೆ ಎಂದಳು. ಅಷ್ಟೇ.

ಮಾರನೇ ದಿನವೇ, ಸಲೀಂ ಆಗಲೇ ಗಟ್ಟಿ ಮಾಡಿಟ್ಟಿದ್ದ ಚಕ್ರ ಹಾಕಿಸಿ, ಸೋಪಿನ ನೀರಲ್ಲಿ ಎರಡು ಸಲ ತೊಳೆದು, ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದೆ. ಪಾರ್ಟ್ ಬಂತು ಎಂದೆ.

ಶಶಿ ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಹೌದಾ. ಕೊಯಮತ್ತೂರಿಂದಾನಾ?"

"ಹೂಂ."

"ದೂರ, ಪಾಪ."

ಡಾಕ್ಟರಮ್ಮ ಒಂದು ತಿಂಗಳು ಕಾದರು. ಊರುಗೋಲು ಹಿಡಿಯುವಷ್ಟು ಕೈ ಸರಿಹೋಗಲು ಎರಡೂವರೆ ತಿಂಗಳು ಬೇಕಾಯಿತು. ಬೇರೆ ಹುಡುಗಿಯನ್ನು ತೆಗೆದುಕೊಂಡ ದಿನ ಅವರೇ ಫೋನ್ ಮಾಡಿ ಬೇಜಾರು ಮಾಡಿಕೊಂಡರು. ಶಶಿ, ಪರವಾಗಿಲ್ಲ ಮೇಡಂ ಎಂದು ಹೇಳಿ ಫೋನ್ ಇಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಅವಳಿಗೆ ಮತ್ತೆ ಕೆಲಸ ಸಿಗಲು ಒಂದೂವರೆ ವರ್ಷ ಹಿಡಿಯಿತು. ಹೋದಲ್ಲೆಲ್ಲ ಮೆಟ್ಟಿಲು, ಇಲ್ಲವೇ ಕನಿಕರ. ಅಷ್ಟು ದಿನವೂ ಗಾಡಿ ಅಂಗಳದಲ್ಲಿ ನಿಂತಿತ್ತು, ಕೀ ಅವಳ ದಿಂಬಿನ ಕೆಳಗಿತ್ತು. ನಾನು ಮೊಪೆಡ್ ರಿಪೇರಿ ಮಾಡಿಸಿಕೊಂಡೆ. ಕೀ ನಾನು ಕೇಳಲಿಲ್ಲ, ಅವಳು ಕೊಡಲಿಲ್ಲ.

ಮೂರು ವರ್ಷ ನಾನು ಮಾಡದ ಸೇವೆ ಇಲ್ಲ. ಗಾಡಿಗೆ ಹೊಸ ಟೈರು ಹಾಕಿಸಿದೆ, ಸೀಟಿಗೆ ಕವರ್ ಹೊಲಿಸಿದೆ, ಮಳೆಗೆ ಟಾರ್ಪಾಲು ತಂದೆ. ತಪ್ಪಾಯಿತು ಎನ್ನಲು ಬಾಯಿ ತೆರೆದಾಗಲೆಲ್ಲ, ಗಾಡಿಗೆ ಗಾಳಿ ಹೊಡೆಸಿಕೊಂಡು ಬರಲಾ ಎಂಬ ಮಾತೇ ಹೊರಬರುತ್ತಿತ್ತು. ಒಂದು ಸಲ ಅವಳೇ ರೇಗಿದಳು: "ಎಷ್ಟು ಗಾಳಿ ಹೊಡೆಸ್ತೀಯೋ ಅಣ್ಣ, ಗಾಡಿ ಹಾರ್ಬೇಕಾ?"

ಈಗ ಅವಳು ಮತ್ತಿಕೆರೆಯ ಒಂದು ಕಚೇರಿಯಲ್ಲಿ ಫೋನ್ ನೋಡಿಕೊಳ್ಳುತ್ತಾಳೆ. ನಮ್ಮ ಸುತ್ತಮುತ್ತಲಿನ ಊರುಗೋಲಿನವರು, ಗಾಲಿ ಕುರ್ಚಿಯವರು ಐದಾರು ಜನರನ್ನು ಸೇರಿಸಿಕೊಂಡು ಅದೇ ಬಸ್ ಸ್ಟಾಪಿಗಾಗಿ ಅರ್ಜಿ ಮೇಲೆ ಅರ್ಜಿ ಬರೆದಳು. ಫುಟ್‌ಪಾತಿಗೆ ಇಳಿಜಾರು ಮಾಡಿ ಎಂದು. ಕೊನೆಗೆ ಮಾಡಿದರು. ಮಾಡಿ, ಬೈಕಿನವರು ಹತ್ತದಿರಲಿ ಎಂದು ಅದರ ಬಾಯಿಗೇ ಕಬ್ಬಿಣದ ಕಂಬ ನೆಟ್ಟರು. ಗಾಲಿ ಕುರ್ಚಿಯೂ ಹತ್ತುವಂತಿಲ್ಲ. ಕಂಬ ಕೀಳಿಸಲು ಮತ್ತೆ ಆರು ತಿಂಗಳು ಅಲೆದಳು. ಕೀಳಿಸಿದಳು.

ಸಲೀಮನ ಗ್ಯಾರೇಜಿನಿಂದ ಬಂದ ಮೂರನೇ ದಿನ ಭಾನುವಾರ. ಬೀದಿಯ ಕನ್ನಡ ಸಂಘದ ಗೋವಿಂದಪ್ಪ ಮಾವ ಮನೆಗೆ ಬಂದರು. ಅಮ್ಮ ಒಳಗೆ ಕಾಫಿಗೆ ಇಟ್ಟಳು. ಶಶಿ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಈ ಸಲದ ರಾಜ್ಯೋತ್ಸವಕ್ಕೆ ಬೀದಿಯವರಲ್ಲೇ ಒಬ್ಬರಿಗೆ ಸನ್ಮಾನ ಮಾಡಬೇಕು ಎಂದು ಸಂಘದಲ್ಲಿ ತೀರ್ಮಾನ ಆಗಿದೆಯಂತೆ. ಬಸ್ ಸ್ಟಾಪಿನ ವಿಷಯಕ್ಕೆ ಶಶಿಯನ್ನು ಕರೆಯಲು ಬಂದರು ಎಂದುಕೊಂಡೆ. ಮಾವ ನನ್ನ ಕೈ ಹಿಡಿದುಕೊಂಡರು. ಶಾಲು, ಪೇಟ, ಹಾರ ಎಲ್ಲ ನನಗೆ. ಶಾಲೆ ಬಿಟ್ಟು ತಂಗಿಯನ್ನು ಹೊತ್ತು ಬೆಳೆಸಿದ ಅಣ್ಣನಿಗೆ.

ಮಾವ ಶಶಿಯ ಕಡೆ ತಿರುಗಿದರು.

"ನೀನು ನಿಮ್ಮಣ್ಣನ ಬಗ್ಗೆ ಎರಡು ಮಾತಾಡ್ಬೇಕಮ್ಮ. ಸ್ಟೇಜ್ ಹತ್ತೋದು ನಿಂಗೆ ಕಷ್ಟ, ಮೆಟ್ಲು ಜಾಸ್ತಿ. ಕೆಳಗೇ ಮೈಕ್ ಕೊಡ್ತೀವಿ."

ಶಶಿ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಎರಡೇ ಮಾತಾ ಮಾವ?"

"ಜಾಸ್ತಿ ಬೇಕಾದ್ರೂ ಮಾತಾಡು ತಾಯಿ."

"ಆಯ್ತು. ಕೂತ್ಕೊಂಡೇ ಹೇಳ್ತೀನಿ." ಆಮೇಲೆ ಕಣ್ಣೆತ್ತಿ ನನ್ನನ್ನು ನೋಡಿದಳು. ಕೋಪ ಇರಲಿಲ್ಲ. ಬಸ್ಸಿಗೆ ಕಾದು ಕಾದು ಸಾಕಾದವರು ರಸ್ತೆಯ ಕಡೆ ನೋಡುತ್ತಾರಲ್ಲ, ಹಾಗೆ ನೋಡಿದಳು. ಅವಳು ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು. ಮೈಕ್ ಕೊಟ್ಟರೂ ಹೇಳುವುದಿಲ್ಲ, ಮೂರು ವರ್ಷ ಹೇಳಿರಲಿಲ್ಲ. ನಾನು ಶಾಲು ಹೊದ್ದುಕೊಂಡು ಸ್ಟೇಜಿನ ಮೇಲೆ ಕೂರುತ್ತೇನೆ, ಅವಳು ಮೆಟ್ಟಿಲ ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಾಳೆ.

ಮಾವ, ನನಗೆ ಬೇಡ, ಬಸ್ ಸ್ಟಾಪ್ ಮಾಡಿಸಿದವಳು ಅವಳು, ಸ್ಟೇಜಿಗೆ ಒಂದು ಇಳಿಜಾರು ಹಾಕಿಸಿ ಅವಳನ್ನು ಕೂರಿಸಿ ಎಂದೆ. ಅವರು ವಿನಯ ಎಂದುಕೊಂಡು ನಕ್ಕರು. ನಾನು ಎದ್ದು ಹೋಗಿ ಶಶಿಯ ಕುರ್ಚಿಯ ಮುಂದೆ ನೆಲದ ಮೇಲೆ ಕೂತೆ. ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, ತಪ್ಪಾಯ್ತು ಕಣಮ್ಮ ಎಂದೆ.

ಅವಳು ಸೊಪ್ಪಿನ ಮೊರವನ್ನು ಪಕ್ಕಕ್ಕೆ ಇಟ್ಟಳು. "ಜೋರಾಗಿ ಹೇಳು. ಅಮ್ಮ ಒಳಗಿದಾಳೆ, ಕೇಳಿಸ್ಲಿಲ್ಲ."

ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾನು ಮತ್ತೆ ಹೇಳಿದೆ, ಈ ಸಲ ಬೀದಿಗೆ ಕೇಳುವ ಹಾಗೆ.

"ಶಶಿ, ಪಾರ್ಟ್ ಎಲ್ಲಿಂದ್ಲೂ ಬರ್ಬೇಕಾಗಿರ್ಲಿಲ್ಲ. ಚಕ್ರ ಬಿಚ್ಚಿಸಿದ್ದು ನಾನೇ. ಆವತ್ತು ಸ್ಟಾಪಲ್ಲಿ ನೀನು ಕೈ ಎತ್ತಿದ್ದು ನೋಡ್ದೆ, ಬಿದ್ದಿದ್ದೂ ನೋಡ್ದೆ, ನೋಡಿ ಹೊರಟೋದೆ. ನಿನ್ ಕೈ ಮುರಿದಿದ್ದು, ನಿನ್ ಕೆಲ್ಸ ಹೋಗಿದ್ದು, ಎಲ್ಲ ನನ್ನಿಂದ. ತಪ್ಪಾಯ್ತು ಕಣಮ್ಮ. ನಂದೇ ತಪ್ಪು."